ಕಣ್ಣಿಗೆ ಮೋಸ ಮಾಡುವ ಆಟ ಕಷ್ಟದ ಆಟವಲ್ಲ



ಮೊದಲು ಒಂದು ಸಣ್ಣ ಪರೀಕ್ಷೆ. ಪಕ್ಕದವನ ಕೈಗೆ ಒಂದು ಪೆನ್ನು ಕೊಟ್ಟು ನೆಟ್ಟಗೆ ಹಿಡಿಯಲು ಹೇಳಿ. ನೀವು ಇನ್ನೊಂದು ಪೆನ್ನು ಹಿಡಿದು, ಒಂದು ಕಣ್ಣು ಮುಚ್ಚಿ, ತುದಿಗೆ ತುದಿ ತಾಗಿಸಿ. ತಪ್ಪಿತೇ? ಈಗ ಎರಡೂ ಕಣ್ಣು ಬಿಟ್ಟು ತಾಗಿಸಿ. ಎಷ್ಟು ಸಲೀಸು ನೋಡಿ!

ನಮ್ಮ ಕಣ್ಣುಗಳ ನಡುವಿನ ಅಂತರ 6 ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅದರಿಂದ ಎರಡಕ್ಕೂ ಕಾಣುವ ಚಿತ್ರ ಒಂದಿಷ್ಟು ಬೇರೆ. ಆ ವ್ಯತ್ಯಾಸವನ್ನೇ ಮಿದುಳು ಆಳ ಎಂದು ಓದಿಕೊಳ್ಳುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಇದನ್ನು 1838ರಲ್ಲೇ ಎರಡು ಕನ್ನಡಿ, ಎರಡು ಚಿತ್ರ ಇಟ್ಟು ತೋರಿಸಿಕೊಟ್ಟ. ಫೇಸ್‌ಬುಕ್ 2014ರಲ್ಲಿ 200 ಕೋಟಿ ಡಾಲರ್ ಮಾತಾಡಿ ಕೊಂಡ ಆಕ್ಯುಲಸ್ ಹೆಡ್‌ಸೆಟ್ಟಿನ ಹೊಟ್ಟೆಯಲ್ಲಿರುವುದೂ ಇದೇ ಹಳೆಯ ಉಪಾಯ: ಕಣ್ಣಿಗೊಂದು ಚಿತ್ರ!

ಇದಕ್ಕೂ ಆಟಕ್ಕೂ ಏನು ಸಂಬಂಧ? ಇದೆ. ಸೋತವನು 'ತಪ್ಪು ನನ್ನದೇ, ಇನ್ನೊಂದು ಸಲ ನೋಡ್ತೀನಿ' ಅನ್ನಬೇಕು. ಅದು ಕಷ್ಟದ ಆಟ. 'ಎಲ್ಲಿತ್ತೋ, ಕಾಣಲೇ ಇಲ್ಲ' ಅಂದರೆ ಸೋತದ್ದು ಆಟ ಮಾಡಿದವನು. 1996ರ ಸೂಪರ್ ಮಾರಿಯೋ 64 ನೋಡಿ. ಚಪ್ಪಟೆ ಪರದೆ, ಆಳವೇ ಇಲ್ಲ. ಹಾಗಾಗಿ ಮಾರಿಯೋ ಎಲ್ಲಿ ಹಾರಲಿ, ನೆರಳು ನೇರ ಅವನ ಕಾಲಡಿಗೇ ಬೀಳುತ್ತದೆ. ಅದು ಅಲಂಕಾರವಲ್ಲ, ಆಟಗಾರನಿಗೆ ಸಲ್ಲಿಸಿದ ನ್ಯಾಯ.

ಅದಕ್ಕೂ ಒಂದು ವರ್ಷ ಮೊದಲು, 1995ರಲ್ಲಿ, ಅದೇ ನಿಂಟೆಂಡೊ ವರ್ಚುವಲ್ ಬಾಯ್ ತಂದಿತ್ತು. ಗೇಮ್ ಬಾಯ್ ಕೊಟ್ಟ ಗುನ್‌ಪೇ ಯೊಕೊಯಿಯವರದೇ ಕೈಕೆಲಸ. ಆಳವೇನೋ ಇತ್ತು. ಆದರೆ ಕಪ್ಪಿನ ಮೇಲೆ ಬರೀ ಕೆಂಪು. ಮೇಜಿನ ಮೇಲಿಟ್ಟು ಕತ್ತು ಬಗ್ಗಿಸಿ ಇಣುಕಬೇಕು. ತಲೆ ತಿರುಗಿಸಿದರೆ ನೋಟ ತಿರುಗುವುದಿಲ್ಲ. ತಲೆನೋವೆಂಬ ದೂರು ಬೇರೆ. ಸುಮಾರು 7.7 ಲಕ್ಷ ಮಾರಾಟವಾಗಿ ಅಂಗಡಿ ಮುಚ್ಚಿತು.

ಆಳ ಇದ್ದರೆ ಸಾಲದು, ಎಲ್ಲಿಡಬೇಕೆಂಬುದು ಗೊತ್ತಿರಬೇಕು. ದೂರ ಎರಡರಷ್ಟಾದರೆ, ಅದೇ ಒಂದು ಅಡಿ ಅಂತರಕ್ಕೆ ಎರಡು ಕಣ್ಣಿನ ನೋಟದಲ್ಲಿ ಹುಟ್ಟುವ ವ್ಯತ್ಯಾಸ ಕಾಲು ಭಾಗಕ್ಕಿಳಿಯುತ್ತದೆ. ಸೂಜಿಗೆ ದಾರ ಪೋಣಿಸಲು ಎರಡು ಕಣ್ಣು ಬೇಕು; ದೂರದ ಬೆಟ್ಟ ನೋಡಲು ಒಂದೇ ಸಾಕು. ಹಾಗೆಂದು ಮೂಗಿನ ತುದಿಗೇ ತಂದಿಟ್ಟರೆ? ಹೆಡ್‌ಸೆಟ್ಟಿನ ಮಸೂರ ದೃಷ್ಟಿ ನೆಡಿಸುವುದು ಒಂದೆರಡು ಮೀಟರ್ ಆಚೆಗೆ. ಕಣ್ಣುಗಳು ಒಳಕ್ಕೆ ತಿರುಗಿ ಜಗ್ಗುತ್ತವೆ, ಫೋಕಸ್ ಅಲ್ಲೇ ನಿಂತಿರುತ್ತದೆ. ಹತ್ತು ನಿಮಿಷಕ್ಕೆ ತಲೆ ಸಿಡಿಯುತ್ತದೆ. ಇದನ್ನು ಸವಾಲು ಎನ್ನಬೇಡಿ, ಚಿತ್ರಹಿಂಸೆ ಎನ್ನಿ.

2018ರಲ್ಲಿ ಜೆಕ್ ದೇಶದ ಹುಡುಗರು ಬೀಟ್ ಸೇಬರ್ ತಂದರು. ಹಾಡಿನ ತಾಳಕ್ಕೆ ಇಟ್ಟಿಗೆಗಳು ದೂರದಿಂದ ಬರುತ್ತವೆ, ಕೈಗೆಟುಕುವಲ್ಲಿ ಕತ್ತಿಯಿಂದ ಕಡಿಯಬೇಕು. ಒಂದು ಕಡಿತಕ್ಕೆ ಹೆಚ್ಚೆಂದರೆ 115 ಅಂಕ. ಅದರಲ್ಲಿ 100 ಬೀಸಿನ ವಿಸ್ತಾರಕ್ಕೆ, ನಡುಮಧ್ಯ ಕಡಿದದ್ದಕ್ಕೆ ಬರೀ 15. ಕಣ್ಣಿಗೆ ಉದಾರ, ತೋಳಿಗೆ ನಿರ್ದಯ! ನನಗೆ ಇದು ಜಾಣತನ ಅನ್ನಿಸುತ್ತದೆ.

ಇನ್ನು, ನಮ್ಮ ನಡುವೆಯೇ ಎರಡು ಕಣ್ಣಿನ ಆಳ ಕಾಣದವರಿದ್ದಾರೆ. ಮೆಳ್ಳೆಗಣ್ಣಿನವರು, ಒಂದು ಕಣ್ಣು ಮಂದವಾದವರು. ಅವರು ತಲೆ ಅಲುಗಿಸಿ, ನೆರಳು ನೋಡಿ, ಸದ್ದು ಕೇಳಿ ದೂರ ಅಳೆಯುತ್ತಾರೆ. 2011ರ ನಿಂಟೆಂಡೊ 3ಡಿಎಸ್‌ನಲ್ಲಿ ಆಳವನ್ನು ಆರಿಸಲು ಪಕ್ಕದಲ್ಲೇ ಒಂದು ಗುಂಡಿ ಇತ್ತು. 2013ರ 2ಡಿಎಸ್‌ನಲ್ಲಿ ಆಳವೇ ಇರಲಿಲ್ಲ, ಆಟಗಳು ಅವೇ ನಡೆದವು. ನಿಮ್ಮಲ್ಲಿ ಆಟ ಕಟ್ಟುವವರಿದ್ದರೆ ಕೇಳಿ: ನಿಮ್ಮ ಆಟವನ್ನು ಒಂದು ಕಣ್ಣು ಮುಚ್ಚಿ ಮೊದಲಿನಿಂದ ಕೊನೆಯವರೆಗೆ ಆಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ಅಲ್ಲಿ ಒಂದು ನೆರಳು, ಒಂದು ಸದ್ದು ಸೇರಿಸಿ.

ಹೆಡ್‌ಸೆಟ್ ಹಾಕಿಕೊಂಡಾಗ ಎಲ್ಲರಿಗೂ ಕಂಡ ಆಳ ನಿಮಗೊಬ್ಬರಿಗೇ ಕಾಣದಿದ್ದರೆ ಯಂತ್ರವನ್ನು ಬೈಯುತ್ತಾ ಕೂರಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಪುಟ್ಟ ತಮ್ಮ ತಂಗಿಯರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಮಂದಗಣ್ಣಿಗೆ ಎಳವೆಯಲ್ಲಿ ಚಿಕಿತ್ಸೆ ಫಲಿಸಿದಷ್ಟು ಬೆಳೆದ ಮೇಲೆ ಫಲಿಸುವುದಿಲ್ಲ.