ಗರ್ಭಸ್ಥ ಶಿಶುವೂ ಹೊಗೆಸೊಪ್ಪೂ



ಗರ್ಭಿಣಿಯಾದ ಹೆಣ್ಣುಮಗಳು ಬೀಡಿ ಸೇದಿದರೆ ಮನೆಯ ಹಿರಿಯರು ಸಹಿಸುವುದಿಲ್ಲ. ಆದರೆ ಅವಳೇ ಊಟವಾದ ಮೇಲೆ ಎಲೆಯಡಕೆಯೊಡನೆ ಒಂದು ಚೂರು ಹೊಗೆಸೊಪ್ಪನ್ನು ದವಡೆಗಿಟ್ಟುಕೊಂಡರೆ, ಕಡ್ಡಿಪುಡಿಯನ್ನು ಮೆದ್ದರೆ, ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿಯಿಂದ ಹಲ್ಲುಜ್ಜಿದರೆ, ಯಾರೂ ಆಕ್ಷೇಪಿಸುವುದಿಲ್ಲ. ಎಷ್ಟೋ ವೇಳೆ ಅತ್ತೆಯವರೇ ತಮ್ಮ ಸಂಚಿಯಿಂದ ತೆಗೆದು ಕೊಡುವುದೂ ಉಂಟು. ಹೊಗೆಯಿಲ್ಲದ ಮೇಲೆ ಹಾನಿಯೆಲ್ಲಿಯದು ಎಂಬುದು ಲೋಕದ ಗ್ರಹಿಕೆ. ಈ ಗ್ರಹಿಕೆಯು ಸರ್ವಥಾ ತಪ್ಪಾದುದು. 2016-17ನೆಯ ಸಾಲಿನ ಅಖಿಲ ಭಾರತ ತಂಬಾಕು ಸಮೀಕ್ಷೆಯಂತೆ ವಯಸ್ಕ ಸ್ತ್ರೀಯರಲ್ಲಿ ಧೂಮಪಾನ ಮಾಡುವವರು ಶೇಕಡಾ 2. ಹೊಗೆಯಿಲ್ಲದ ತಂಬಾಕನ್ನು ಸೇವಿಸುವವರು ಶೇಕಡಾ 12.8.

ಹೊಗೆಸೊಪ್ಪಿನಲ್ಲಿರುವ ನಿಕೊಟೀನೆಂಬ ವಿಷವು ಬಾಯಿಯ ತೆಳುಪೊರೆಯ ಮೂಲಕ ರಕ್ತವನ್ನು ಸೇರಿ, ರಕ್ತನಾಳಗಳನ್ನು ಸಂಕುಚಿತಗೊಳಿಸುತ್ತದೆ. ಗರ್ಭಸ್ಥ ಶಿಶುವಿಗೆ ಪೋಷಣೆಯೂ ಪ್ರಾಣವಾಯುವೂ ಮಾಸಿನ ಮುಖಾಂತರ ತಾಯಿಯ ರಕ್ತದಿಂದಲೇ ಬರತಕ್ಕವು. ನಾಳಗಳು ಕುಗ್ಗಿದಾಗ ಅವೆರಡೂ ಕಡಮೆಯಾಗುತ್ತವೆ. ವಿಷವಾದರೋ ಮಾಸನ್ನು ದಾಟಿ ಶಿಶುವನ್ನು ಮುಟ್ಟುತ್ತದೆ. ತಾಯಿಯು ಉಗುಳಬಲ್ಲಳು, ಶಿಶುವು ಉಗುಳಲಾರದು.

ಇದು ಬರಿಯ ಊಹೆಯಲ್ಲ. ಮುಂಬಯಿಯಲ್ಲಿ 1,217 ಮಂದಿ ಗರ್ಭಿಣಿಯರನ್ನು ಹೆರಿಗೆಯವರೆಗೆ ಗಮನಿಸಿದ ವೈದ್ಯಸಂಶೋಧನೆಯೊಂದು 2004ರಲ್ಲಿ ಪ್ರಕಟವಾಯಿತು. ಹೊಗೆಯಿಲ್ಲದ ತಂಬಾಕನ್ನು ಸೇವಿಸುತ್ತಿದ್ದ ತಾಯಂದಿರ ಶಿಶುಗಳ ತೂಕವು ಸರಾಸರಿ 105 ಗ್ರಾಂ ಕಡಮೆಯಾಗಿತ್ತು. ಗರ್ಭದ ಅವಧಿಯು ಸುಮಾರು 6 ದಿನ ಮೊಟಕಾಗಿತ್ತು. ಅದೇ ಸ್ತ್ರೀಯರನ್ನು ಕುರಿತು 2006ರಲ್ಲಿ ಬಂದ ಮತ್ತೊಂದು ವರದಿಯು ಇನ್ನೂ ದಾರುಣವಾದುದು: ತಂಬಾಕು ಸೇವಿಸದವರಲ್ಲಿ ಶಿಶುವು ಸತ್ತು ಹುಟ್ಟಿದ್ದು ಶೇಕಡಾ 3.1, ಸೇವಿಸುವವರಲ್ಲಿ ಶೇಕಡಾ 8.9.

ಕೂಸು ಸಣ್ಣದಾದರೆ ಹೆರಿಗೆ ಹಗುರ ಎಂದು ಸಮಾಧಾನ ಹೇಳುವವರಿದ್ದಾರೆ. ಎರಡೂವರೆ ಕಿಲೋಗ್ರಾಂಗಿಂತ ಕಡಮೆ ತೂಗುವ ಶಿಶುವಿಗೆ ಮೈ ಬೆಚ್ಚಗಿರಿಸಿಕೊಳ್ಳುವ, ಹಾಲು ಹೀರುವ, ರೋಗವನ್ನೆದುರಿಸುವ ಶಕ್ತಿ ಕಡಮೆ. ಹೆರಿಗೆಯಲ್ಲಿ ಹಗುರವೆನಿಸಿದ್ದು ಮುಂದೆ ತೊಟ್ಟಿಲಿಗೆ ಭಾರವಾಗುತ್ತದೆ.

ತಾಂಬೂಲವು ಹಿರಿಯರ ಪದ್ಧತಿಯಲ್ಲವೆ ಎಂದು ಕೇಳಬಹುದು. ಹೊಗೆಸೊಪ್ಪು ಆ ಪದ್ಧತಿಗೆ ಸೇರಿದುದಲ್ಲ. ಅಮೆರಿಕಾ ಖಂಡದ ಈ ಗಿಡವನ್ನು ಈ ದೇಶಕ್ಕೆ ತಂದವರು ಪೋರ್ತುಗೀಜರು. ಅಕ್ಬರನ ರಾಯಭಾರಿ ಅಸದ್ ಬೇಗನು ಸುಮಾರು 1604ರಲ್ಲಿ ಬಿಜಾಪುರದಲ್ಲಿ ಇದನ್ನು ಕಂಡು, ಅಪೂರ್ವ ವಸ್ತುವೆಂದು ಬಾದಶಹನಿಗೆ ಒಯ್ದನು. ಹನ್ನೆರಡನೆಯ ಶತಮಾನದ ಶರಣರು ಇದರ ಹೆಸರನ್ನೇ ಕೇಳಿರಲಿಲ್ಲ. ಇನ್ನು ಅಡಕೆಯೂ ನಿರ್ದೋಷಿಯಲ್ಲ. ಗರ್ಭಿಣಿಯು ಅದನ್ನೂ ಬಿಡುವುದೇ ಲೇಸು.

ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯವು ಈ ಸಮಾಜದಲ್ಲಿದೆ. ಕಣ್ಣಿಗೆ ಕಾಣುವ ಮೊದಲೇ ಅದನ್ನು ಭಕ್ತನೆಂದು ಬರಮಾಡಿಕೊಂಡವರು, ಅದೇ ಭಕ್ತನಿಗೆ ವಿಷವುಣಿಸುವುದು ಹೇಗೆ ಸಲ್ಲುತ್ತದೆ?

ಆದುದರಿಂದ ಗರ್ಭ ನಿಂತಿತೆಂದು ತಿಳಿದ ದಿನವೇ ಹೊಗೆಸೊಪ್ಪನ್ನು ಬಿಡತಕ್ಕದ್ದು. ತಿಂಗಳುಗಳು ಕಳೆದಿದ್ದರೂ ಬಿಟ್ಟಷ್ಟು ಲಾಭವೇ. ಹೆರಿಗೆಯ ತರುವಾಯವೂ ಮುಟ್ಟಲಾಗದು. ನಿಕೊಟೀನು ಎದೆಹಾಲನ್ನೂ ಸೇರುತ್ತದೆ. ಆದರೆ ಈ ಭಾರವನ್ನು ಆ ಹೆಣ್ಣುಮಗಳೊಬ್ಬಳ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಹಲ್ಲುನೋವು, ಹಸಿವು, ವಾಕರಿಕೆ, ಹೊಲದ ದಣಿವು ಇವೇ ಅನೇಕರನ್ನು ಈ ಚಟಕ್ಕೆ ನೂಕುತ್ತವೆ. ಅವಳನ್ನು ಗದರಿಸದೆ ನೋವಿಗೆ ಔಷಧವನ್ನೂ, ಹಸಿವಿಗೆ ಅನ್ನವನ್ನೂ, ದಣಿವಿಗೆ ವಿಶ್ರಾಂತಿಯನ್ನೂ ಕೊಡತಕ್ಕವರು ಮನೆಯವರು. ಅವಳೆದುರಿಗೆ ಗಂಡನೂ ಅತ್ತೆಯೂ ಸಂಚಿ ಬಿಚ್ಚದಿರಲಿ. ಬಿಡಲು ಕಷ್ಟವಾದರೆ ವೈದ್ಯರನ್ನು ಕಾಣಬಹುದು. 1800-11-2356 ಎಂಬ ಸರಕಾರದ ಉಚಿತ ದೂರವಾಣಿಯಲ್ಲಿ ಸಲಹೆ ಕೇಳಬಹುದು.

ಇನ್ನು ಮುಂದೆ ಕುಬಸದ ತಟ್ಟೆಯಲ್ಲಿ ಹಣ್ಣು, ಹೂವು, ಕೊಬ್ಬರಿ ಬೆಲ್ಲಗಳಿರಲಿ; ಹೊಗೆಸೊಪ್ಪಿನ ಎಸಳೊಂದೂ ಇರದಿರಲಿ. ಈ ಮಹೋತ್ಸವಕ್ಕೆ ಬಂದ ಪ್ರತಿಯೊಂದು ಮನೆತನವೂ ಇಷ್ಟೊಂದು ನೇಮವನ್ನು ಹಿಡಿದರೆ, ಹುಟ್ಟಲಿರುವ ಮಕ್ಕಳಿಗೆ ಅದೇ ಮೊದಲನೆಯ ಆಶೀರ್ವಾದವಾಗುವುದು.