ಹೂವಿನ ಹೆಸರು, ಹೂವಿನ ಅರ್ಥ

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ಹೂವುಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನಾವು ಹಿಂಜರಿದೆವು. ನಾವು ಓದಿದ್ದು ಬಿ.ಕಾಂ.; ಮಾಡುವುದು ಬ್ಯಾಂಕಿನ ಗುಮಾಸ್ತಿಕೆ. ಸಸ್ಯಶಾಸ್ತ್ರವಾಗಲಿ ಭಾಷಾಶಾಸ್ತ್ರವಾಗಲಿ ನಮ್ಮ ಪಾಲಿನದಲ್ಲ. ಉಡುಪಿಯ ಕಡೆ ಹೂ ಕಟ್ಟುವವರ ಮನೆಯಲ್ಲಿ ಹುಟ್ಟಿ ಬೆಳೆದೆವೆಂಬುದೊಂದೇ ನಮ್ಮ ಅರ್ಹತೆ. ಆ ಬಲದಿಂದ ಇಲ್ಲಿ ನಿಂತಿದ್ದೇವೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ದಹಿಸರಿನಲ್ಲಿ ಬೆಳಗಿನ ಗಾಡಿ ಹಿಡಿಯುವ ತಮಗೆಲ್ಲ ಒಂದು ಸಂಗತಿ ಅನುಭವಕ್ಕೆ ಬಂದಿರಬೇಕು. ವಸಯಿ, ವಿರಾರದ ಕಡೆಯ ತೋಟಗಳ ಹೂವು ದಾದರಿನ ಮಾರುಕಟ್ಟೆಗೆ ಹೋಗುವುದು ನಮ್ಮ ಈ ರೈಲುಮಾರ್ಗದಲ್ಲಿಯೇ. ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲಿ, ಪಕ್ಕದವರ ಟಿಫಿನ್ ಡಬ್ಬ ಬೆನ್ನಿಗೆ ಒತ್ತುತ್ತಿರುವಾಗ, ಎಲ್ಲಿಂದಲೋ ಸಂಪಿಗೆಯ ಪರಿಮಳ ತೇಲಿ ಬರುತ್ತದೆ. ಒಂದು ಕ್ಷಣ ಊರಿಗೆ ಹೋಗಿ ಬಂದಂತಾಗುತ್ತದೆ. ಆದರೆ ಬುಟ್ಟಿಯ ಒಡತಿ ಅದನ್ನು ಸಂಪಿಗೆ ಎನ್ನುವುದಿಲ್ಲ, ಸೋನ್‌ಚಾಫಾ ಎನ್ನುತ್ತಾಳೆ. ಸಂಸ್ಕೃತದ ಚಂಪಕವು ಮರಾಠಿಯಲ್ಲಿ ಚಾಫಾ ಆಯಿತು, ಕನ್ನಡದಲ್ಲಿ ಸಂಪಿಗೆಯಾಯಿತು. ಒಂದೇ ತಾಯಿಯ ಮಕ್ಕಳಿಬ್ಬರು ಬೇರೆ ಬೇರೆ ಊರಿಗೆ ಹೋಗಿ ನೆಲೆಸಿದ ಹಾಗೆ.

ಇಂತಹ ಜೋಡಿಗಳು ಹೂವಿನಂಗಡಿಯಲ್ಲಿ ಬೇಕಾದಷ್ಟು. ನಮ್ಮ ಜಾಜಿ ಇಲ್ಲಿ ಜಾಈ, ಸುರಗಿ ಸುರಂಗಿ, ಕೇದಗೆ ಕೇವಡಾ, ಪಾರಿಜಾತ ಪ್ರಾಜಕ್ತ. ಕರಾವಳಿಯವರು ಅಬ್ಬಲಿಗೆ ಎನ್ನುವ ಕನಕಾಂಬರವು ಇಲ್ಲಿಯ ಅಬೋಲಿ. ಕನಕಾಂಬರವೆಂದರೆ ಹೊನ್ನಿನ ಬಟ್ಟೆ. ಹೆಸರಿಟ್ಟವನು ಬಣ್ಣ ನೋಡಿ ಇಟ್ಟ. ಅಬೋಲಿ ಎಂದರೆ ಮಾತಾಡದವಳು ಎಂದು ಮರಾಠಿಯವರು ಅರ್ಥ ಹಚ್ಚುತ್ತಾರೆ. ಪರಿಮಳವೇ ಇಲ್ಲದ ಹೂವಿಗೆ ಇದಕ್ಕಿಂತ ಒಪ್ಪುವ ಅರ್ಥ ಬೇರೆ ಬೇಕೆ?

ಹೂವೆಂಬ ಮಾತನ್ನೇ ತೆಗೆದುಕೊಳ್ಳೋಣ. ಹಳಗನ್ನಡದಲ್ಲಿ ಅದು ಪೂ. ಪಂಪನು 941ರಲ್ಲಿ ಆದಿಪುರಾಣವನ್ನು ಮುಗಿಸುವ ಕಾಲಕ್ಕೆ ಅದು ಪೂವೇ ಆಗಿದ್ದಿತು. ಕಾಲಕ್ರಮದಲ್ಲಿ ಕನ್ನಡದ ಪಕಾರ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಆದರೆ ಈ ಸಭೆಯಲ್ಲಿ ಕುಳಿತಿರುವ ಅರ್ಧಕ್ಕರ್ಧ ಮಂದಿ ಮನೆಯಲ್ಲಿ ತುಳು ಆಡುವವರು. ತಮ್ಮ ಮನೆಯಲ್ಲಿ ಇಂದಿಗೂ ಅದು ಪೂ. ನಾವು ಹಿಂಗಾರವೆಂದರೆ ತಾವು ಪಿಂಗಾರವೆನ್ನುತ್ತೀರಿ. ಸಾವಿರ ವರ್ಷದ ಹಿಂದಿನ ಮಾತು ದಹಿಸರಿನ ಮೂರನೆಯ ಮಹಡಿಯಲ್ಲಿ ದಿನವೂ ಓಡಾಡುತ್ತಿದೆ! (ಪಂಪನ ಹೆಸರೆತ್ತಿದ ಮೇಲೆ ಬನವಾಸಿಯ ದುಂಬಿಯ ಮಾತೂ ಬರಬೇಕಾದದ್ದು ಕ್ರಮ. ಆದರೆ ಪ್ರತಿ ರಾಜ್ಯೋತ್ಸವದಲ್ಲಿಯೂ ಅದನ್ನು ಕೇಳುತ್ತಿದ್ದೇವಾದುದರಿಂದ ಈ ಸಲ ದುಂಬಿಗೆ ವಿಶ್ರಾಂತಿ ಕೊಡೋಣ.)

ನಮ್ಮ ಬ್ಯಾಂಕಿನ ಖಾತೆಗಳಲ್ಲಿಯೂ ಹೂವುಗಳುಂಟು. ಒಂದು ದಿನ ನಮ್ಮ ಕಿಟಕಿಗೆ ಒಬ್ಬರ ಹಿಂದೆ ಒಬ್ಬರಂತೆ ಪದ್ಮಾ, ಸರೋಜಾ, ಜಲಜಾ, ಪಂಕಜಾ ಎಂಬ ನಾಲ್ವರು ಮಹಿಳೆಯರು ಬಂದರು. ಸರೋಜವೆಂದರೆ ಸರೋವರದಲ್ಲಿ ಹುಟ್ಟಿದ್ದು, ಜಲಜವೆಂದರೆ ನೀರಿನಲ್ಲಿ ಹುಟ್ಟಿದ್ದು, ಪಂಕಜವೆಂದರೆ ಕೆಸರಿನಲ್ಲಿ ಹುಟ್ಟಿದ್ದು. ನಾಲ್ಕು ಖಾತೆ, ನಾಲ್ಕು ರುಜು, ಹೂವು ಮಾತ್ರ ಒಂದೇ, ತಾವರೆ. ಕೆಸರಿನಲ್ಲಿ ಹುಟ್ಟಿದವಳು ಎಂದು ಎದುರಿಗೆ ಹೇಳಿದರೆ ಯಾರಿಗೂ ಕೋಪ ಬಂದೀತು. ಸಂಸ್ಕೃತದಲ್ಲಿ ಹೇಳಿದರೆ ತೊಟ್ಟಿಲಲ್ಲಿ ಹಾಕಿ ತೂಗುತ್ತೇವೆ. ಹೆಸರಿಗೆ ಬೆಲೆ ಬರುವುದು ಮಾತಿನಿಂದಲ್ಲ, ಕರೆಯುವವರ ಮನಸ್ಸಿನಿಂದ.

ಗುಲಾಬಿಯದು ಇನ್ನೂ ವಿಚಿತ್ರ. ಪಾರಸಿಯಲ್ಲಿ ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಗುಲಾಬ್ ಎಂದರೆ ಪನ್ನೀರು. ನೀರಿನ ಹೆಸರು ಹೂವಿಗೆ ಬಂದು ಕೂತಿತು!

ಈಗ ಚೆಂಡುಹೂವಿನ ಪ್ರಸಂಗ. ಕಳೆದ ದಸರೆಯ ಬೆಳಿಗ್ಗೆ ಬಾಗಿಲಿಗೆ ತೋರಣ ಕಟ್ಟುತ್ತಿದ್ದ ನಮ್ಮ ತಾಯಿಯವರು ಮೊಮ್ಮಗಳಿಗೆ, "ಮಗಾ, ಒಳಗಿನಿಂದ ಚೆಂಡು ತಾ" ಎಂದರು. ಮಗು ಓಡಿ ಹೋಗಿ ತನ್ನ ಟೆನಿಸ್ ಚೆಂಡನ್ನು ತಂದುಕೊಟ್ಟಳು. ಅವಳ ತಪ್ಪೇನೂ ಇಲ್ಲ. ಕನ್ನಡದಲ್ಲಿ ಚೆಂಡು ಆಡುವ ಚೆಂಡೂ ಹೌದು, ಮರಾಠಿಯಲ್ಲಿಯೂ ಅದು ಚೇಂಡೂ. ಹೂವನ್ನು ಮಾತ್ರ ಅವರು ಝೇಂಡೂ ಎನ್ನುತ್ತಾರೆ. ಮಗಳಿಗೆ ಝೇಂಡೂ ಗೊತ್ತು, ಚೆಂಡುಹೂ ಗೊತ್ತಿಲ್ಲ. ನಮ್ಮ ತಾಯಿಗಂತೂ ಚೆಂಡೆಂದರೆ ಮೂರನೆಯ ಒಂದು ಅರ್ಥವೂ ಉಂಟು. ಅದನ್ನು ಮುಂದೆ ಅರಿಕೆ ಮಾಡುತ್ತೇವೆ.

ಈ ಚೆಂಡುಹೂವಿಲ್ಲದೆ ನಮಗೆ ದಸರೆಯಿಲ್ಲ, ದೀಪಾವಳಿಯಿಲ್ಲ, ಇಂದು ಈ ವೇದಿಕೆಯ ಮೇಲೆ ಭುವನೇಶ್ವರಿಯ ಪಟಕ್ಕೆ ಹಾರವೂ ಇಲ್ಲ. ಅನಾದಿಯಿಂದ ನಮ್ಮದೆಂದು ತಿಳಿದಿದ್ದೇವೆ. ಆದರೆ ಅದು ಮೆಕ್ಸಿಕೋ ಸೀಮೆಯ ಗಿಡ. 1492ರಲ್ಲಿ ಕೊಲಂಬಸನು ಹಡಗು ಹತ್ತಿದ ಮೇಲೆಯೇ ಅದು ಈ ಕಡೆಗೆ ಬಂದದ್ದು. ಪಂಪನಿಗೆ ಚೆಂಡುಹೂ ಗೊತ್ತಿರಲಾರದು! ಅದರ ತವರಿನಲ್ಲಿ ಅದಕ್ಕೆ ಸೆಂಪಸೂಚಿಲ್ ಎಂದು ಹೆಸರು. ಅಲ್ಲಿಯ ಹಳೆಯ ನಾವಾತ್ಲ್ ಭಾಷೆಯಲ್ಲಿ ಇಪ್ಪತ್ತು ಹೂ ಎಂದು ಅರ್ಥ. ಎಸಳುಗಳ ಗುಂಪನ್ನು ಕಂಡು ಹಾಗೆ ಕರೆದರು. ಪ್ರತಿವರ್ಷ ನವೆಂಬರ್ 1 ಮತ್ತು 2ರಂದು ಅಲ್ಲಿಯವರು ತಮ್ಮ ಗತಿಸಿದವರ ಹಬ್ಬ ಮಾಡುತ್ತಾರೆ. ಸತ್ತವರಿಗೆ ಮನೆಯ ದಾರಿ ತಿಳಿಯಲೆಂದು ಈ ಹೂವಿನ ಎಸಳನ್ನು ಬಾಗಿಲವರೆಗೆ ಚೆಲ್ಲುತ್ತಾರೆ. ನವೆಂಬರ್ ಒಂದನೆಯ ತಾರೀಖು! 1956ರಲ್ಲಿ ನಮ್ಮ ನಾಡು ಒಂದುಗೂಡಿದ ದಿನ, 1973ರಲ್ಲಿ ಕರ್ನಾಟಕವೆಂಬ ಹೆಸರು ಬಂದ ದಿನ.

ಇಷ್ಟಕ್ಕೇ ಮುಗಿಯಲಿಲ್ಲ. ತಾಯಂದಿರು ಮುಡಿದು ಬಂದಿರುವ ಸೇವಂತಿಗೆಯ ತವರು ಚೀನ. ಜಪಾನಿನಲ್ಲಿ ಅದು ಚಕ್ರವರ್ತಿಯ ಲಾಂಛನ. ಫ್ರಾನ್ಸ್ ದೇಶದಲ್ಲಿ ಅದೇ ನವೆಂಬರ್ 1ರಂದು ಜನರು ಸೇವಂತಿಗೆಯ ಕುಂಡಗಳನ್ನು ಹೊತ್ತು ಸ್ಮಶಾನಕ್ಕೆ ಹೋಗಿ ಹಿರಿಯರ ಸಮಾಧಿಯ ಮೇಲಿಡುತ್ತಾರೆ. ಈ ಪದ್ಧತಿ ಬಲವಾಗಿ ಬೇರೂರಿದ್ದು ಮೊದಲನೆಯ ಮಹಾಯುದ್ಧದ ತರುವಾಯ. ಆದಕಾರಣ ಆ ದೇಶದಲ್ಲಿ ಯಾರ ಮನೆಗಾದರೂ ಊಟಕ್ಕೆ ಹೋಗುವಾಗ ಕೈಯಲ್ಲಿ ಸೇವಂತಿಗೆ ಹಿಡಿದು ಹೋಗುವಂತಿಲ್ಲ. ಒಂದೇ ದಿನ, ಒಂದೇ ಹೂವು. ಒಂದು ಕಡೆ ಉತ್ಸವ, ಇನ್ನೊಂದು ಕಡೆ ಶೋಕ. ಹೂವಿಗೆ ಇದಾವುದೂ ತಿಳಿಯದು. ಅರ್ಥವನ್ನು ಹಚ್ಚಿದವರು ಜನ.

ಇಷ್ಟು ದೂರದ ದೇಶಗಳನ್ನು ಸುತ್ತಿ ಬಂದದ್ದು ಮನೆಯ ಒಂದು ಮಾತನ್ನು ಹೇಳುವುದಕ್ಕಾಗಿ.

ಮುಂಬಯಿಯಲ್ಲಿ ಹೂವಿನವನನ್ನು ಮಲ್ಲಿಗೆ ಕೇಳಿದರೆ ಮೊಗ್ರಾ ಕೊಡುತ್ತಾನೆ. ಮೊಗ್ರಾ ಸಂಸ್ಕೃತದ ಮುದ್ಗರದಿಂದ ಬಂದ ಮಾತು. ಮಲ್ಲಿಗೆ ಮಲ್ಲಿಕಾ ಎಂಬುದರ ನೆಂಟ. ಸಸ್ಯಶಾಸ್ತ್ರಜ್ಞರು ಇಟ್ಟಿರುವ ಹೆಸರಿನಲ್ಲಿ ಒಂದು ಪಾಲು ಪಾರಸಿಯ ಯಾಸ್ಮಿನ್, ಇನ್ನೊಂದು ಪಾಲು ಅರಬ್ಬಿಯ ಜಂಬಕ್. ಅದೇ ಜಾತಿಯ ಹೂವು 1934ರಿಂದ ಫಿಲಿಪ್ಪೀನ್ಸ್ ದೇಶದ ರಾಷ್ಟ್ರಪುಷ್ಪ. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಕೆ. ಎಸ್. ನರಸಿಂಹಸ್ವಾಮಿಯವರ ಕವನಸಂಗ್ರಹ 1942ರಲ್ಲಿ ಬಂದ ಮೇಲಂತೂ ಮೈಸೂರು ಮಲ್ಲಿಗೆ ಎಂದರೆ ಕನ್ನಡಿಗರಿಗೆ ದಾಂಪತ್ಯವೆಂದೇ ಅರ್ಥವಾಗಿಹೋಯಿತು.

ನಮ್ಮ ತಾಯಿಯವರದು ಶಂಕರಪುರದ ಮಲ್ಲಿಗೆ. ಆ ಕಡೆ ಮಲ್ಲಿಗೆಯ ಗಿಡವಿಲ್ಲದ ಅಂಗಳ ಅಪರೂಪ. ಹಿಂದೂಗಳೂ ಬೆಳೆಯುತ್ತಾರೆ, ಕ್ರಿಶ್ಚಿಯನರೂ ಬೆಳೆಯುತ್ತಾರೆ. ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಎಂಟುನೂರು ಹೂವಾದರೆ ಒಂದು ಚೆಂಡು. ಅರಿಕೆ ಮಾಡುತ್ತೇವೆಂದ ಮೂರನೆಯ ಚೆಂಡು ಇದೇ. ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3,200 ಹೂವು. ದರವನ್ನು ದಿನದಿನವೂ ಕಟ್ಟೆಯಲ್ಲಿ ಹೇಳುತ್ತಾರೆ. ನಾವು ಲೆಕ್ಕ ಕಲಿತದ್ದು ಕಾಲೇಜಿನಲ್ಲಲ್ಲ, ಆ ಅಟ್ಟೆಯ ಮೇಲೆ. ನಮ್ಮ ಫೀಸು ಬಂದದ್ದೂ ಅಲ್ಲಿಂದಲೇ. ತಾಯಿ ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಕಟ್ಟಿದ ಹೂವನ್ನು ಸಾಲಾಗಿ ಹಾಸಿದರೆ ಉಡುಪಿಯಿಂದ ದಹಿಸರಿನವರೆಗೂ ಬಂದೀತೇನೋ.

ತಂದೆಯವರು ತೀರಿಕೊಂಡ ದಿನದಿಂದ ಅವರು ಹೂ ಕಟ್ಟಿದರು, ಮುಡಿಯಲಿಲ್ಲ. ಯಾರೂ ಬೇಡವೆನ್ನಲಿಲ್ಲ. ಯಾರೂ ಮುಡಿಯಿರೆಂದೂ ಹೇಳಲಿಲ್ಲ. ಹೇಳಬೇಕಾಗಿದ್ದವರಲ್ಲಿ ನಾವೇ ಮೊದಲಿಗರು.

ಈ ವರ್ಷದ ಸಂಕ್ರಾಂತಿಯ ನಂತರ ನಮ್ಮ ಕಟ್ಟಡದ ಒಂದು ಮನೆಯಲ್ಲಿ ಅರಿಶಿನ ಕುಂಕುಮವಿದ್ದಿತು. ನಮ್ಮ ಮಗಳ ಕೈಗೆ ಹೂವಿನ ತಟ್ಟೆ ಕೊಟ್ಟು ಎಲ್ಲರಿಗೂ ಕೊಡು ಎಂದರು. ಹಿಂದಿನ ಸಾಲಿನಲ್ಲಿ, ಬಾಗಿಲ ಬಳಿ, ಅವಳ ಅಜ್ಜಿಯೂ ಇನ್ನಿಬ್ಬರು ಹಿರಿಯರೂ ಕುಳಿತಿದ್ದರು. ಮಗು ಅಲ್ಲಿಗೂ ಹೋದಳು. ಯಾರೋ ಕಣ್ಸನ್ನೆ ಮಾಡಿದರು, ಮಗುವಿಗೆ ತಿಳಿಯಲಿಲ್ಲ. ಅಜ್ಜಿಗೆ ತಿಳಿಯಿತು. "ನಂಗಲ್ಲ ಮಗಾ, ಮುಂದೆ ಕೊಡು" ಎಂದರು. ರಾತ್ರಿ ಮನೆಯಲ್ಲಿ ಮಗು ಕೇಳಿದಳು, "ಅಜ್ಜಿ ಕಟ್ಟಿದ ಹೂ ಅಜ್ಜಿಗೆ ಯಾಕೆ ಇಲ್ಲ?" ಬಿ.ಕಾಂ. ಓದಿದ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಮನೆಯವರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಆಗಿದ್ದರೂ ಹೀಗೆಯೇ ಆಗುತ್ತಿದ್ದಿತು.

ಹೂವು ಮುತ್ತೈದೆಯ ಗುರುತೆಂಬುದು ಹಿಂದಿನಿಂದ ಬಂದ ಮಾತು, ನಿಜ. ಆದರೆ ಹುಟ್ಟಿದ ಹೆಣ್ಣುಮಗು ಮದುವೆಗೆ ಮುಂಚೆಯೇ ಹೂ ಮುಡಿಯುತ್ತದೆ. ಅದು ಗಂಡನು ತಂದುಕೊಟ್ಟ ಹಕ್ಕಲ್ಲ. ಅವನು ತಂದುಕೊಡದಿದ್ದುದನ್ನು ಅವನೊಡನೆ ಕಳುಹಿಸಿಕೊಡುವುದು ಎಂತಹ ಲೆಕ್ಕ? ನಮ್ಮ ಖಾತೆಯಲ್ಲಿ ಹಾಗೆ ಬರೆದರೆ ಲೆಕ್ಕಪರಿಶೋಧಕರು ಒಪ್ಪುವುದಿಲ್ಲ.

ಬೇರೆಡೆ ಈ ಲೆಕ್ಕ ತಿದ್ದುವುದು ಆರಂಭವಾಗಿದೆ. ನಮ್ಮ ಕರಾವಳಿಯಲ್ಲಿಯೇ, ಮಂಗಳೂರಿನ ಕುದ್ರೋಳಿ ಗೋಕರ್ಣನಾಥೇಶ್ವರ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ದೇವರ ಮುಡಿಗೆ ಹೂವೇರಿಸುವ ಕೈಗೆ ತನ್ನ ಮುಡಿಗೆ ಏರಿಸಬಾರದೆಂದು ಇನ್ನು ಹೇಳುವವರಾರು? ಇತ್ತ ಮಹಾರಾಷ್ಟ್ರದಲ್ಲಿ, ಕರ್ನಾಟಕದ ಗಡಿಗೆ ಸಮೀಪದ ಹೇರವಾಡವೆಂಬ ಹಳ್ಳಿಯುಂಟು. ಕೊಲ್ಹಾಪುರ ಜಿಲ್ಲೆ, ಶಿರೋಳ ತಾಲೂಕು. ಬಳೆ ಒಡೆಯುವುದು, ಕುಂಕುಮ ಅಳಿಸುವುದು, ಮಂಗಳಸೂತ್ರ ತೆಗೆಯುವುದು ಇವೆಲ್ಲ ತಮ್ಮ ಊರಿನಲ್ಲಿ ಇನ್ನು ನಡೆಯಕೂಡದೆಂದು ಅಲ್ಲಿಯ ಗ್ರಾಮ ಪಂಚಾಯತಿ 2022ರ ಮೇ 4ರಂದು ಠರಾವು ಮಾಡಿತು. ಅದೇ ತಿಂಗಳು ರಾಜ್ಯ ಸರಕಾರವು ಉಳಿದ ಪಂಚಾಯತಿಗಳೂ ಈ ಮೇಲ್ಪಂಕ್ತಿಯನ್ನು ಅನುಸರಿಸುವಂತೆ ಸುತ್ತೋಲೆ ಹೊರಡಿಸಿತು. ಕಬ್ಬಿನ ಸೀಮೆಯ ಒಂದು ಹಳ್ಳಿಗೆ ಸಾಧ್ಯವಾದದ್ದು ಮುಂಬಯಿಯಲ್ಲಿರುವ ನಮಗೆ ಕಠಿಣವೆಂದು ತೋರುವುದಿಲ್ಲ.

ಠರಾವು ಬೇಡ, ಭಾಷಣವೂ ಇಷ್ಟೇ ಸಾಕು. ಮಹಿಳಾ ವಿಭಾಗದವರಲ್ಲಿ ನಮ್ಮ ವಿನಂತಿ ಒಂದೇ. ಬರುವ ಸಂಕ್ರಾಂತಿಗೆ ಸಂಘದ ಅರಿಶಿನ ಕುಂಕುಮದಲ್ಲಿ ಹೂವಿನ ತಟ್ಟೆ ಹಿಂದಿನ ಸಾಲಿನವರೆಗೂ ಹೋಗಲಿ. ಬೇಕಾದವರು ಮುಡಿಯಲಿ, ಬೇಡವಾದವರು ಕಣ್ಣಿಗೊತ್ತಿಕೊಂಡು ಕೈಯಲ್ಲಿ ಇಟ್ಟುಕೊಳ್ಳಲಿ. ಬೇಡವೆನ್ನುವ ಮಾತು ಅವರ ಬಾಯಿಂದ ಬರಲಿ, ಪಕ್ಕದವರ ಕಣ್ಸನ್ನೆಯಿಂದ ಬೇಡ.

ಈ ಬರಹವನ್ನು ನಿನ್ನೆ ರಾತ್ರಿ ತಾಯಿಯವರಿಗೆ ಓದಿ ಹೇಳಿದೆವು. ಅವರ ವಿಷಯವನ್ನು ಅವರನ್ನು ಕೇಳದೆ ಸಭೆಯಲ್ಲಿ ಆಡುವುದು ಸರಿಯಲ್ಲವಷ್ಟೆ. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಉಡುಪಿಯಿಂದ ದಹಿಸರಿನವರೆಗೆ ಎಲ್ಲಿ ಬರುತ್ತದೆ, ಸುಳ್ಳು ಬರೀಬೇಡ" ಎಂದರು. ಇನ್ನೂ ಸ್ವಲ್ಪ ಹೊತ್ತು ಕಳೆದು, "ಈ ಮೊಗ್ರಾ ತಂದರೆ ನಾನು ಮುಟ್ಟುವುದಿಲ್ಲ. ಶಂಕರಪುರದ್ದಾದರೆ ನೋಡುವ" ಎಂದರು.

ಚಳಿಗಾಲದಲ್ಲಿ ಊರಿನ ಹೂವು ಕಡಿಮೆ, ದರ ಹೆಚ್ಚು. ಆದರೂ ಮಾಟುಂಗದ ಹೂವಿನಂಗಡಿಯಲ್ಲಿ ಸಂಕ್ರಾಂತಿಗೆ ಒಂದು ಚೆಂಡು ಬೇಕೆಂದು ಹೇಳಿಟ್ಟಿದ್ದೇವೆ. ಎಂಟುನೂರು ಹೂವು, ಹಿಂದಿನ ಸಾಲಿಗೂ ಸಾಕಾದೀತು.