ದರಪಟ್ಟಿ ಬರೆಯುವುದನ್ನು ಕಲಿತ ಬಗೆ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪದ ಬಗ್ಗೆ ಹಿರಿಯರು ಹೇಳಿದರು. ಎಸ್.ಎಸ್.ಎಲ್.ಸಿ. ಓದಿದ ರೈತ ನಾನು, ನನ್ನದೊಂದು ತಪ್ಪು ಒಪ್ಪಿಕೊಳ್ಳಲು ನಿಂತಿದ್ದೇನೆ.

ಕೆಲವು ವರ್ಷಗಳ ಹಿಂದೆ ಒಂದು ವಸತಿ ಶಾಲೆಯವರು ತೊಗರಿಬೇಳೆಗೆ ದರಪಟ್ಟಿ ಕೇಳಿದ್ದರು. ಬರೆದವನು ನಾನೇ. ಎರಡು ಹಾಳೆ ತುಂಬ ಸಂಘದ ಇತಿಹಾಸ, ನಮ್ಮ ಮಣ್ಣಿನ ಹಿರಿಮೆ. ಕೊನೆಗೆ ಒಂದೇ ಸಾಲು: "ಯೋಗ್ಯ ದರದಲ್ಲಿ ಕೊಡುತ್ತೇವೆ." ಆರ್ಡರು ಪೇಟೆ ವ್ಯಾಪಾರಿಗೆ ಹೋಯಿತು. ನೀವೆಲ್ಲ ತೊಗರಿಯನ್ನು ಅಡತಿಯಲ್ಲಿ ಸಿಕ್ಕ ದರಕ್ಕೆ ಹಾಕಿ ಬಂದಿರಿ. ಶಾಲೆಯ ಗುಮಾಸ್ತರು ಹೇಳಿದ್ದಿಷ್ಟು: "ಕಾಗದ ಚಲೋ ಇತ್ರೀ, ಆದ್ರ ನಾವು ಕೇಳಿದ್ದು ಅದರಾಗ ಇರಲಿಲ್ಲ."

ಈಗ ಅವರ ನೋಟೀಸನ್ನು ಎರಡು ಸಲ ಓದತೀವಿ. ಕೇಳಿದ್ದಕ್ಕೆಲ್ಲ ಅದೇ ಕ್ರಮದಲ್ಲಿ ಉತ್ತರ: ಬೇಳೆಯ ದರ್ಜೆ, ಚೀಲದ ತೂಕ, ಮುಟ್ಟಿಸುವ ತಾರೀಖು, ದರ ಎಷ್ಟು ದಿನ ಊರ್ಜಿತ.

ದರಕ್ಕೆ ಮುಂಚೆ ಲೆಕ್ಕ. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸುಮಾರು 70 ಕಿಲೊ ಬೇಳೆ. ತೊಗರಿ 7,000 ರೂಪಾಯಿ ಅಂತ ಹಿಡಿದರೆ ಕ್ವಿಂಟಲ್ ಬೇಳೆಗೆ ತೊಗರಿಯ ಬಾಬ್ತೇ 10,000. ಮಿಲ್ಲಿನ ಕೂಲಿ, ಚೀಲ, ಹಮಾಲಿ, ಗಾಡಿ ಬಾಡಿಗೆ ಕೂಡಿಸಬೇಕು. ಹೊಟ್ಟು, ನುಚ್ಚು ಮಾರಿ ಬಂದದ್ದು ಕಳೆಯಬೇಕು. ಲೆಕ್ಕವಿಲ್ಲದೆ ಇಳಿಸಿ ಗೆದ್ದರೆ ಸೋತವರು ಸದಸ್ಯರೇ. 2022ರ ಜುಲೈ 18ರಿಂದ ಲೇಬಲ್ ಹಚ್ಚಿದ 25 ಕಿಲೊವರೆಗಿನ ಬೇಳೆ ಪೊಟ್ಟಣಕ್ಕೆ ಶೇ. 5 ಜಿ.ಎಸ್.ಟಿ. ಬಂತು. ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ ಬಿಡಿಸಿ ಬರೆಯಬೇಕು.

ಸರ್ಕಾರಿ ಖರೀದಿಗೆ ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯಿದೆ ಇದೆ. ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ತಾಂತ್ರಿಕ ಲಕೋಟೆ ನೋಡುತ್ತಾರೆ. ಅದರಲ್ಲಿ ಅನರ್ಹರಾದರೆ ದರದ ಲಕೋಟೆ ತೆರೆಯುವುದೇ ಇಲ್ಲ. ಈಗ ಕಂಪ್ಯೂಟರಿನಲ್ಲಿ ಹಾಕುವ ಕಾಲ. ಕೊನೆ ಗಳಿಗೆಯಲ್ಲಿ ಕರೆಂಟ್ ಹೋದರೆ ಯಾರನ್ನ ಬೈಯೋದು? ಎರಡು ದಿನ ಮೊದಲೇ ಹಾಕಬೇಕು.

ಮರುವರ್ಷ ಅದೇ ಶಾಲೆಗೆ ಒಂದೇ ಹಾಳೆ ಬರೆದು, ಅರ್ಧ ಕಿಲೊ ಮಾದರಿ ಇಟ್ಟೆವು. "ಬೇಳೆ ಬೇಯದಿದ್ದರೆ ನಮ್ಮ ಖರ್ಚಿನಲ್ಲಿ ವಾಪಸು" ಎಂದು ಬರೆದೆವು. ನಮ್ಮ ದರ ಎಲ್ಲರಿಗಿಂತ ಕಡಿಮೆಯೇನಿರಲಿಲ್ಲ, ಆದ್ರೂ ಆರ್ಡರು ಬಂತು. ಮಳೆಗೆ ಲಾರಿ ಬರದಿದ್ದಾಗ ಟ್ರ್ಯಾಕ್ಟರಿನಲ್ಲಿ ತಾಡಪತ್ರಿ ಹೊದಿಸಿ ಒಯ್ದೆವು. ಬರೆದ ಮಾತು ನಡೆಸಿದರೇ ಮುಂದಿನ ವರ್ಷದ ಕಾಗದಕ್ಕೆ ಬೆಲೆ.

ಮುಂದಿನ ದರಪಟ್ಟಿ ನಮ್ಮೂರ ಕಲಿತ ಹುಡುಗ-ಹುಡುಗಿಯರು ಬರೆಯಲಿ. ಪಕ್ಕದಲ್ಲಿ ಕೂತು ಲೆಕ್ಕ ನಾನು ಹೇಳತೀನಿ.

ಜೈ ಸಹಕಾರ.